ಏರುಗಾಳಿ ಬಿಟ್ಟು ಹೊರಡುವ ಹೊತ್ತು

ಉಡುಪಿಯಲ್ಲಿ ನಾನು ಪ್ಯಾರಾಗ್ಲೈಡಿಂಗ್ ಮಾಡುತ್ತೇನೆ ಅಂದರೆ ಹೆಚ್ಚಿನವರು ಕೇಳುವುದು ಒಂದೇ: "ಮಲ್ಪೆಯಲ್ಲಿ ಬೋಟಿಗೆ ಕಟ್ಟಿ ಎಳೀತಾರಲ್ಲ, ಅದಾ?" ಅದಲ್ಲ. ಅದು ಪ್ಯಾರಾಸೈಲಿಂಗ್. ಬೋಟು ನಿಂತರೆ ನೀವೂ ಕೆಳಗೆ. ನಾನು ಹೇಳುವುದರಲ್ಲಿ ಹಗ್ಗವೂ ಇಲ್ಲ, ಇಂಜಿನ್ನೂ ಇಲ್ಲ. ಗುಡ್ಡದ ಅಂಚಿನಿಂದ ಓಡಿ ಗಾಳಿಗೆ ಇಳಿಯಬೇಕು. ಆಮೇಲೆ ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯನ್ನು ಹುಡುಕಿ, ಅದರೊಳಗೆ ಸುತ್ತುತ್ತ ಎತ್ತರ ಗಳಿಸಬೇಕು. ಗಳಿಸಿದ್ದನ್ನು ಖರ್ಚು ಮಾಡುತ್ತ ಮುಂದಿನ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಮತ್ತೆ ಗಳಿಕೆ, ಮತ್ತೆ ಖರ್ಚು. ಹೀಗೆ ಊರಿಂದ ಊರಿಗೆ ಹಾರುವುದಕ್ಕೆ ಕ್ರಾಸ್ ಕಂಟ್ರಿ ಅನ್ನುತ್ತಾರೆ. ಹಾರುವವರ ಬಾಯಲ್ಲಿ ಎಕ್ಸ್‌ಸಿ.

ಹಾಗಾದರೆ ಊರಲ್ಲೇ ಯಾಕೆ ಹಾರಬಾರದು? ಇದು ಎರಡನೇ ಪ್ರಶ್ನೆ, ನ್ಯಾಯವಾದದ್ದೇ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟ. ಕೊಡಚಾದ್ರಿ 1,343 ಮೀಟರ್, ಕುದುರೆಮುಖ 1,894 ಮೀಟರ್. ನಮಗೆ ಬೆಟ್ಟಕ್ಕೇನೂ ಬರ ಇಲ್ಲ. ಬರ ಇರುವುದು ಇಳಿಯುವ ಜಾಗಕ್ಕೆ. ಆಗುಂಬೆಯ ಕೆಳಗೆ ಸೋಮೇಶ್ವರ ಅಭಯಾರಣ್ಯ, ಅದರ ದಕ್ಷಿಣಕ್ಕೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕಾಡು ಮುಗಿಯಿತು ಅನ್ನುವಷ್ಟರಲ್ಲಿ ಅಡಿಕೆ ತೋಟ ಶುರು. ತೋಟದ ನೆತ್ತಿಯಲ್ಲಿ ಸಿಕ್ಕಿಕೊಂಡವನನ್ನು ಇಳಿಸಲು ಕೊನೆಗಾರನನ್ನೇ ಕರೆಸಬೇಕು. ಮಂಗಳೂರು ಕಡೆ ಹೋದರೆ ಬಜ್ಪೆಯ ವಿಮಾನಗಳ ದಾರಿ. ಅಲ್ಲಿ ನಮ್ಮಂಥವರಿಗೆ ಜಾಗ ಇಲ್ಲ, ಇರಲೂಬಾರದು.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ನಮ್ಮ ಸೆಕೆ. ಇದಕ್ಕೊಂದು ಸುಲಭದ ಲೆಕ್ಕ ಉಂಟು. ಗಾಳಿಯ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶವನ್ನು, ಕಳೆಯಿರಿ, ಉಳಿದದ್ದನ್ನು 125ರಿಂದ ಗುಣಿಸಿ. ಮೋಡದ ತಳ ನೆಲದಿಂದ ಹೆಚ್ಚುಕಮ್ಮಿ ಅಷ್ಟು ಮೀಟರ್ ಮೇಲೆ ಇರುತ್ತದೆ. ನಾವು ಏರಬಹುದಾದದ್ದು ಅಲ್ಲಿಯವರೆಗೆ ಮಾತ್ರ. ಉಡುಪಿಯಲ್ಲಿ 31 ಡಿಗ್ರಿ ಬಿಸಿಲು, ಇಬ್ಬನಿ ಬಿಂದು 24 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 7, ಮೋಡದ ತಳ 875 ಮೀಟರ್. ಅಂದರೆ ಕೊಡಚಾದ್ರಿಯ ನೆತ್ತಿ ಮೋಡದೊಳಗೆ. ಹಿಮಾಚಲದ ಬೀರ್ ಎಂಬ ಊರಲ್ಲಿ ಅಕ್ಟೋಬರ್‌ನ ಒಂದು ಒಳ್ಳೆಯ ದಿನ 25 ಡಿಗ್ರಿ, ಇಬ್ಬನಿ ಬಿಂದು 9. ವ್ಯತ್ಯಾಸ 16, ಗುಣಿಸಿದರೆ 2,000 ಮೀಟರ್. ಆ ಊರೇ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಮೋಡದ ತಳ ಸಮುದ್ರಮಟ್ಟದಿಂದ 3,400 ಮೀಟರ್. ಅಷ್ಟು ದೊಡ್ಡ ಅಂಗಳ ಸಿಕ್ಕರೆ ಬಿಡುವುದುಂಟಾ? ನಾವು ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಬೀರ್‌ಗೆ ಹೋಗುವುದು ಇದಕ್ಕೇ.

ಹಾಗಂತ ಊರು ಏನೂ ಕಲಿಸಲಿಲ್ಲ ಅಂತಲ್ಲ. ಮಟ್ಟು ಬೀಚಿನಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಒಂದೇ ಸಮ ಬೀಸುತ್ತದೆ. ಕಾಪು ಬೀಚಿನಲ್ಲಿ ಜನ ಜಾಸ್ತಿ, ರೆಕ್ಕೆ ಬಿಡಿಸಿದರೆ ಸೆಲ್ಫಿಗೆ ಸಾಲು ನಿಲ್ಲುತ್ತದೆ. ಹಾಗಾಗಿ ಮಟ್ಟು. ಅಲ್ಲಿ ಹಾರುವುದಿಲ್ಲ. ನೆಲದ ಮೇಲೆ ನಿಂತು ರೆಕ್ಕೆಯನ್ನು ತಲೆ ಮೇಲೆ ಎತ್ತಿ ಹಿಡಿಯುವ ಅಭ್ಯಾಸ ಅಷ್ಟೇ. ಇದಕ್ಕೆ ಗ್ರೌಂಡ್ ಹ್ಯಾಂಡ್ಲಿಂಗ್ ಅನ್ನುತ್ತಾರೆ. ಸುಮ್ನೆ ನೋಡಿದರೆ ಮಕ್ಕಳಾಟ. ಆದರೆ ಗಂಟೆಗಟ್ಟಲೆ ಮಾಡಿದ ಮೇಲೆ ಕಣ್ಣು ಮುಚ್ಚಿದರೂ ರೆಕ್ಕೆಯ ಯಾವ ಬದಿ ಸಡಿಲವಾಗುತ್ತಿದೆ ಎಂದು ಅಂಗೈಗೆ ಗೊತ್ತಾಗುತ್ತದೆ. ಪುಣೆ ಹತ್ತಿರದ ಕಾಮಶೇತ್‌ನಲ್ಲಿ ಕೋರ್ಸ್ ಮಾಡಿದಾಗ ಹೇಳಿಕೊಟ್ಟದ್ದನ್ನು ನನ್ನ ಕೈಗೆ ಇಳಿಸಿದ್ದು ಈ ಮರಳೇ. ಉಪ್ಪು, ಮರಳು, ಬಿಸಿಲು ಮೂರೂ ಬಟ್ಟೆಗೆ ಒಳ್ಳೆಯದಲ್ಲ. ಅದಕ್ಕೆ ಬೀಚಿಗೆ ಹಳೆಯ ರೆಕ್ಕೆಯೇ ಬೇರೆ ಇದೆ.

ಕಡಲಗಾಳಿ ಕಲಿಸದ ಪಾಠ ಏರುಗಾಳಿಯದು, ಥರ್ಮಲ್ ಅಂತಾರಲ್ಲ, ಅದು. ಅದನ್ನು ನೋಡಬೇಕಾದರೆ ಮಳೆ ಮುಗಿದ ಮೇಲೆ ಹತ್ತೂವರೆ ಹೊತ್ತಿಗೆ ಮಣಿಪಾಲದ ಮುರಕಲ್ಲಿನ ಗುಡ್ಡದ ಕಡೆ ತಲೆ ಎತ್ತಿ. ಗರುಡಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೆ ಹೋಗುತ್ತಿರುತ್ತವೆ. ಬೋಳು ಕಲ್ಲು ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ, ಒಲೆ ಮೇಲಿನ ಗಂಜಿಯಲ್ಲಿ ಗುಳ್ಳೆ ಎದ್ದ ಹಾಗೆ, ತಡೆತಡೆದು ಬಿಟ್ಟುಕೊಂಡು ಮೇಲೆ ಬರುತ್ತದೆ. ಇನ್ನೇನು ಚೆನ್ನಾಗಾಯಿತು ಅನ್ನುವಷ್ಟರಲ್ಲಿ ಕಡಲಗಾಳಿ ಒಳಗೆ ನುಗ್ಗುತ್ತದೆ. ತಂಪು ಗಾಳಿ ನೆಲ ಹಿಡಿದು ಬಂದರೆ ಗುಳ್ಳೆ ಏಳುವುದು ನಿಲ್ಲುತ್ತದೆ. ಗರುಡಗಳೂ ಬಂದರಿನ ಮೀನಿನ ಕಡೆ ಹೋಗುತ್ತವೆ. ಕರಾವಳಿಯ ಥರ್ಮಲ್ ಪಾಠ ದಿನಕ್ಕೆ ಅಷ್ಟೇ.

ನನ್ನ ಜೊತೆಗಾರ ಪಡುಬಿದ್ರಿಯವನು. ಅವನಿಗೆ ಇಷ್ಟ ಇದ್ದದ್ದು ಹ್ಯಾಂಗ್ ಗ್ಲೈಡಿಂಗ್. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ಕೆಳಗೆ ಹೊಟ್ಟೆ ಮೇಲೆ ಮಲಗಿದ ಮನುಷ್ಯ. ದೇಹವನ್ನು ಆಚೀಚೆ ಸರಿಸಿ ತಿರುಗಿಸುವುದು. ವೇಗದಲ್ಲಿ, ದೂರದಲ್ಲಿ ನಮ್ಮ ರೆಕ್ಕೆಗಿಂತ ಒಂದು ಕೈ ಮೇಲೆ. 2012ರಲ್ಲಿ ಅಮೆರಿಕದ ಡಸ್ಟಿನ್ ಮಾರ್ಟಿನ್ ಟೆಕ್ಸಾಸ್‌ನಲ್ಲಿ ಹ್ಯಾಂಗ್ ಗ್ಲೈಡರ್‌ನಲ್ಲಿ ಹಾರಿದ್ದು 764 ಕಿ.ಮೀ.! ಬೀರ್‌ನ ಬೆಟ್ಟದಲ್ಲೂ 1980ರ ದಶಕದಲ್ಲಿ ಮೊದಲು ಹೆಸರು ಮಾಡಿದ್ದು ಹ್ಯಾಂಗ್ ಗ್ಲೈಡರ್‌ಗಳೇ. ಆದರೆ ಮಡಚಿದರೂ ಐದಾರು ಮೀಟರ್ ಉದ್ದ, ಸುಮಾರು 30 ಕಿಲೋ ಭಾರ. ಅದನ್ನು ಮಂಗಳಾ ಎಕ್ಸ್‌ಪ್ರೆಸ್‌ನ ಸ್ಲೀಪರ್ ಬೋಗಿಗೆ ಹತ್ತಿಸಿ ನೋಡಿ. ಪ್ಯಾರಾಗ್ಲೈಡರ್ ಆದರೆ ಒಂದು ದೊಡ್ಡ ಬೆನ್ನುಚೀಲ, ಮುಗಿಯಿತು. ಅವನ ಆಸೆ ರೈಲ್ವೆಗೆ ಸೋತಿತು.

ಬೀರ್ ಕೆಳಗೆ, ಬಿಲ್ಲಿಂಗ್ ಮೇಲೆ. ನಡುವೆ 14 ಕಿ.ಮೀ. ಜೀಪ್ ರಸ್ತೆ. ಬಿಲ್ಲಿಂಗ್‌ನ ಹುಲ್ಲುಗಾವಲು ಸುಮಾರು 2,400 ಮೀಟರ್ ಎತ್ತರದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಇಳಿಜಾರಾಗಿದೆ. ಹಿಂದೆ ಧೌಲಾಧಾರ್ ಸಾಲು, ಮುಂದೆ ಕಾಂಗ್ರಾ ಕಣಿವೆ. 2015ರ ಅಕ್ಟೋಬರ್‌ನಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಸ್ಪರ್ಧೆ ಇಲ್ಲೇ ನಡೆಯಿತು. ಈಗ ಬೆಳಗ್ಗೆ ಹೋದರೆ ಜಾತ್ರೆ. ಟ್ಯಾಂಡೆಮ್ ಪೈಲಟ್‌ಗಳು ಒಬ್ಬರ ಹಿಂದೆ ಒಬ್ಬರು ಪ್ರವಾಸಿಗಳನ್ನು ಕಟ್ಟಿಕೊಂಡು ಓಡುತ್ತಿರುತ್ತಾರೆ. ಮ್ಯಾಗಿ, ಚಹಾ, "ಭಾಗೋ ಭಾಗೋ" ಎನ್ನುವ ಕೂಗು.

ನಾವು ಆ ದಿನ ಒಂಬತ್ತೂವರೆಗೆ ಮೇಲಿದ್ದೆವು. ಹಾರಿದ್ದು ಹನ್ನೊಂದು ದಾಟಿದ ಮೇಲೆ. ನಡುವಿನ ಹೊತ್ತಲ್ಲಿ ಮಾಡಿದ್ದು ಮೂರೇ ಕೆಲಸ: ಕೂತದ್ದು, ಮೇಲೆ ನೋಡಿದ್ದು, ಚಹಾ ಕುಡಿದದ್ದು. ಹೊಸಬರಿಗೆ ಇದೇ ಕಷ್ಟ. ಬಂದದ್ದು ಹಾರಲಿಕ್ಕೆ, ಕೂರಲಿಕ್ಕಲ್ಲ ಅನಿಸುತ್ತದೆ. ಬೇಗ ಹಾರಿದವರು ಇಪ್ಪತ್ತು ನಿಮಿಷಕ್ಕೆ ಕೆಳಗೆ ಬೀರ್‌ನಲ್ಲಿರುತ್ತಾರೆ. ಮತ್ತೆ ಜೀಪು, ಮತ್ತೆ ದುಡ್ಡು. ನಾವು ಕಾಯುತ್ತಿದ್ದದ್ದು ಹಿಮಾಲಯದ ರಣಹದ್ದುಗಳಿಗೆ. ಹತ್ತೂ ಮುಕ್ಕಾಲಿಗೆ ಒಂದು ಬಂತು. ರೆಕ್ಕೆ ಎರಡು ಸಲ ಬಡಿದು ಮರದ ತುದಿಯಲ್ಲಿ ಕೂತಿತು. ಅದು ಬಡಿದರೆ ಗಾಳಿ ಇನ್ನೂ ಸಾಲದು ಅಂತ ಅರ್ಥ. ಹನ್ನೊಂದರ ಹೊತ್ತಿಗೆ ನಾಲ್ಕೈದು ಹಕ್ಕಿಗಳು ಬಲಗಡೆಯ ಬಂಡೆ ಮೇಲೆ ಸುತ್ತು ಹಾಕುತ್ತ ನೋಡನೋಡುತ್ತಿದ್ದಂತೆ ಚುಕ್ಕಿಗಳಾದವು. ಹಿಂದಿನ ಸಾಲಿನ ಮೇಲೆ ಮೊದಲ ಬಿಳಿ ಮೋಡದ ತುಣುಕುಗಳೂ ಕಂಡವು.

"ಹೋಗುವನಾ?" ಅಂದ ಜೊತೆಗಾರ.

ಕಾಲಿನ ಪಟ್ಟಿ, ಎದೆಯ ಪಟ್ಟಿ, ಹೆಲ್ಮೆಟ್, ಮೀಸಲು ಪ್ಯಾರಾಚೂಟಿನ ಪಿನ್, ದಾರಗಳಲ್ಲಿ ಗಂಟು. ಇದನ್ನು ಪ್ರತಿಸಲ ಒಂದೇ ಕ್ರಮದಲ್ಲಿ, ಬಾಯಿಬಿಟ್ಟು ಹೇಳಿಕೊಳ್ಳುತ್ತ ನೋಡುತ್ತೇನೆ. ಕಾಲಿನ ಪಟ್ಟಿ ಹಾಕದೆ ಓಡಿ ಹೋದವರ ಕಥೆಗಳು ಈ ಆಟದಲ್ಲಿ ಸಾಕಷ್ಟಿವೆ. ಆಮೇಲೆ ನಾಲ್ಕು ಹೆಜ್ಜೆ ಓಟ. ಐದನೆಯದು ನೆಲಕ್ಕೆ ತಾಗಲಿಲ್ಲ.

ಬಲಗಡೆಯ ಬಂಡೆಯ ಮೇಲೆ ಆಗಲೇ ಏಳೆಂಟು ರೆಕ್ಕೆಗಳು ಸುತ್ತುತ್ತಿದ್ದವು. ಥರ್ಮಲ್‌ಗೆ ಮೊದಲು ಬಂದವರು ಯಾವ ಕಡೆ ತಿರುಗುತ್ತಾರೋ ಉಳಿದವರೂ ಅದೇ ಕಡೆ ತಿರುಗಬೇಕು, ಇದು ನಿಯಮ. ಎದೆಗೆ ಕಟ್ಟಿದ ವೇರಿಯೋಮೀಟರ್ ಮೇಲೆ ಹೋಗುವಾಗ ಕೂಗುತ್ತದೆ. ವೇಗ ಹೆಚ್ಚಿದಂತೆ ಕೂಗು ಚುರುಕಾಗುತ್ತದೆ. ಸೆಕೆಂಡಿಗೆ 2 ಮೀಟರ್, 3 ಮೀಟರ್. ಕೆಳಗಿನ ಜಾತ್ರೆ ಸಣ್ಣದಾಯಿತು, ಆಮೇಲೆ ಸದ್ದೇ ಇಲ್ಲ. 3,200 ಮೀಟರ್‌ನಲ್ಲಿ ಏರುವುದು ನಿಧಾನವಾಯಿತು.

ಇಲ್ಲಿ ನಿಜವಾದ ಆಟ ಶುರು. ಏರುಗಾಳಿ ಹುಡುಕುವುದು ಕಷ್ಟ ಅಂತ ಎಲ್ಲರೂ ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಕಷ್ಟ ಸಿಕ್ಕಿದ್ದನ್ನು ಬಿಡುವುದು. ಬಿಲ್ಲಿಂಗ್‌ನ ಈ ಥರ್ಮಲ್ ಸುರಕ್ಷಿತ, ಕೆಳಗೆ ಇಳಿಯುವ ಮೈದಾನ ಕಾಣುತ್ತದೆ, ಸಂಜೆವರೆಗೂ ಇಲ್ಲೇ ಸುತ್ತಬಹುದು. ಎಷ್ಟೋ ಜನ ಅದನ್ನೇ ಮಾಡುತ್ತಾರೆ, ಖುಷಿಯಾಗಿಯೇ ಇರುತ್ತಾರೆ. ಬಿಟ್ಟು ಹೊರಟರೆ ಮುಂದಿನದು ಸಿಗುವ ಗ್ಯಾರಂಟಿ ಇಲ್ಲ. ಬೇಗ ಬಿಟ್ಟರೆ ಎತ್ತರ ಸಾಲದು. ತಡ ಮಾಡಿದರೆ ದಿನ ಸಾಲದು. ಇಡೀ ಎಕ್ಸ್‌ಸಿ ಅಂದರೆ ಈ ಒಂದು ತೀರ್ಮಾನವನ್ನು ಮತ್ತೆ ಮತ್ತೆ ಮಾಡುವುದು.

ಧೌಲಾಧಾರ್ ಸಾಲು ವಾಯವ್ಯಕ್ಕೆ ಸಾಗುತ್ತದೆ. ಅದರಿಂದ ದಕ್ಷಿಣಕ್ಕೆ ಒಂದರ ಪಕ್ಕ ಒಂದು ಕವಲು ಬೆಟ್ಟಗಳು ಇಳಿದು ಕಣಿವೆ ಸೇರುತ್ತವೆ. ಎರಡು ಕವಲಿನ ನಡುವೆ ಒಂದು ಹೊಳೆ, ಅಲ್ಲಿನವರ ಬಾಯಲ್ಲಿ ಖಡ್ಡ್. ಧರ್ಮಶಾಲಾ ಕಡೆಗೆ ಹೋಗುವವನು ಕವಲಿನಿಂದ ಕವಲಿಗೆ ದಾಟುತ್ತ ಹೋಗಬೇಕು. ಈ ದಾರಿಯ ಚಂದ ಇರುವುದು ಬಿಸಿಲಿನಲ್ಲಿ. ಮಧ್ಯಾಹ್ನಕ್ಕೆ ಮೊದಲು ಸೂರ್ಯ ಆಗ್ನೇಯದಲ್ಲಿ. ಕವಲುಗಳ ಪೂರ್ವದ ಮೈ ಕಾದಿರುತ್ತದೆ. ಪಶ್ಚಿಮಕ್ಕೆ ಹೋಗುವವನಿಗೆ ಎದುರಾಗುವುದೂ ಅದೇ ಮೈ. ಮಧ್ಯಾಹ್ನದ ಮೇಲೆ ಪಶ್ಚಿಮದ ಮೈ ಕಾಯುತ್ತದೆ. ವಾಪಸ್ ಬರುವವನಿಗೆ ಎದುರಾಗುವುದು ಅದು. ಬೆಟ್ಟ ಬಲಗಡೆ ಇರುವವನಿಗೆ ದಾರಿಯ ಮೊದಲ ಹಕ್ಕು ಅನ್ನುವ ನಿಯಮವೂ ಹೋಗುವಾಗ ನಮ್ಮ ಪರ, ಬರುವಾಗ ನಾವು ಬಿಟ್ಟುಕೊಡಬೇಕು.

ಮೊದಲ ಒಂದೆರಡು ಕವಲು ಸಲೀಸು. ಬಿನ್ವಾ ಖಡ್ಡ್ ಬಂದಾಗ ಆಟ ಬದಲಾಯಿತು. ಬೈಜನಾಥದ ಕಡೆಗೆ ಇಳಿಯುವ ಈ ಹೊಳೆಯ ಕಣಿವೆ ಅಗಲ. ನಾನು 3,100 ಮೀಟರ್‌ನಲ್ಲಿ ಹೊರಟೆ. ನನ್ನ ರೆಕ್ಕೆ ನಿಶ್ಚಲ ಗಾಳಿಯಲ್ಲಿ 1 ಕಿ.ಮೀ. ಇಳಿಯುವಷ್ಟರಲ್ಲಿ ಸುಮಾರು 9 ಕಿ.ಮೀ. ಮುಂದೆ ಹೋಗುತ್ತದೆ. ಆದರೆ ಕಣಿವೆ ಮಧ್ಯದಲ್ಲಿ ಗಾಳಿ ನಿಶ್ಚಲ ಇರುವುದಿಲ್ಲ, ಇಳಿಯುತ್ತಿರುತ್ತದೆ. ವೇರಿಯೋ ಕೂಗುವುದು ಬಿಟ್ಟು ಗೊಣಗತೊಡಗಿತು. ರೇಡಿಯೋದಲ್ಲಿ ಕೇಳಿದೆ, "ಎಂತ ಉಂಟು ಅಲ್ಲಿ?" ಜೊತೆಗಾರ ನನಗಿಂತ ಮುಂದಿದ್ದ. "ಎಂತ ಇಲ್ಲ ಮಾರಾಯ, ಬರೀ ಸಿಂಕ್." ಸಿಂಕ್ ಅಂದರೆ ಇಳಿಯುವ ಗಾಳಿ.

ಆ ಕಡೆಯ ಕವಲಿಗೆ ತಲುಪಿದಾಗ 2,250 ಮೀಟರ್. ದೇವದಾರು ಮರಗಳ ತುದಿ ಕಾಲಿನ ಮಟ್ಟದಲ್ಲಿ. ಇಂಥ ಹೊತ್ತಲ್ಲಿ ಮಾಡಬೇಕಾದ ಮೊದಲ ಕೆಲಸ ಥರ್ಮಲ್ ಹುಡುಕುವುದಲ್ಲ, ಇಳಿಯುವ ಜಾಗ ನೋಡಿಟ್ಟುಕೊಳ್ಳುವುದು. ಎಡಕ್ಕೆ ಕೆಳಗೆ ಹೊಳೆ ದಂಡೆಯಲ್ಲಿ ಕೊಯ್ಲಾದ ಗದ್ದೆಗಳಿದ್ದವು. ತಂತಿ ಕಾಣಲಿಲ್ಲ. ಗಾಳಿ ದಕ್ಷಿಣದಿಂದ. ಸರಿ, ಅದು ಕೈಯಲ್ಲಿದೆ. ಆ ಗದ್ದೆ ಕಂಡ ಮೇಲೆ ಭುಜ ಸಡಿಲವಾಯಿತು. ಆಗ ತಲೆ ಓಡಿತು.

ಬೆಟ್ಟದ ಮೈಯಲ್ಲಿ ಒಂದು ಹುಲ್ಲಿನ ಪಟ್ಟಿ, ಪಕ್ಕದಲ್ಲಿ ಬಂಡೆ, ಅದರ ಕೆಳಗೆ ಕಾಡು. ಬಿಸಿ ಗಾಳಿ ಬೆಟ್ಟಕ್ಕೆ ಅಂಟಿಕೊಂಡು ಮೇಲೆ ಹರಿಯುತ್ತದೆ. ಎಲ್ಲೋ ಒಂದು ಕಡೆ, ಅಂಚು ಬಂದಲ್ಲಿ ಅಥವಾ ಕಾಡು ಮುಗಿದು ಬಂಡೆ ಶುರುವಾದಲ್ಲಿ, ಮೈ ಬಿಟ್ಟು ಮೇಲೇಳುತ್ತದೆ. ಬಂಡೆಯ ಮೂಲೆಗೆ ಹೋದೆ. ಬಲಗಡೆಯ ರೆಕ್ಕೆ ಒಮ್ಮೆ ಎತ್ತಿದಂತಾಯಿತು. ಇದೇ ಮಟ್ಟು ಬೀಚಿನ ಅಂಗೈ ಪಾಠ. ಯಾವ ಬದಿ ಎತ್ತಿತೋ ಆ ಬದಿಗೆ ತಿರುಗಬೇಕು. ಆದರೆ ಆ ಬದಿಗೆ ಬೆಟ್ಟ ಇತ್ತು. ಪೂರ್ತಿ ಸುತ್ತು ಹಾಕುವಷ್ಟು ಅಂತರ ಇಲ್ಲ. ಹಾಗಾಗಿ ಬೆಟ್ಟದಿಂದ ಹೊರಕ್ಕೇ ತಿರುಗುತ್ತ ಎಂಟರ ಆಕಾರದಲ್ಲಿ ಹೋಗಿ ಬಂದೆ. ಸೆಕೆಂಡಿಗೆ ಅರ್ಧ ಮೀಟರ್. ಕೆಳಗೆ ಎಲ್ಲೋ ಕುರಿಗಳ ಗಂಟೆ ಸದ್ದು. ಗದ್ದಿ ಕುರುಬರು ಮೇಲಿನ ಹುಲ್ಲುಗಾವಲಿನಿಂದ ಚಳಿಗೆ ಇಳಿದು ಬರುವ ಕಾಲ ಅದು. ಹತ್ತು ನಿಮಿಷಕ್ಕೆ 300 ಮೀಟರ್ ಸಿಕ್ಕಿತು. ಬೆಟ್ಟದ ಅಂಚು ಕೆಳಗಾಯಿತು, ಪೂರ್ತಿ ಸುತ್ತಿಗೆ ಜಾಗ ಆಯಿತು. ಒಂದು ರಣಹದ್ದು ಎಲ್ಲಿಂದಲೋ ಬಂದು ನನ್ನ ಮೇಲೆ ಸುತ್ತಿತು. ತಲೆ ಓರೆ ಮಾಡಿ ನನ್ನನ್ನು ನೋಡಿತು. ಆಮೇಲೆ ಐವತ್ತು ಮೀಟರ್ ಆಚೆ ಸರಿದು ನನ್ನ ಎರಡರಷ್ಟು ವೇಗದಲ್ಲಿ ಏರಿತು. ನಾನೂ ಅಲ್ಲಿಗೆ ಸರಿದೆ. ಸೆಕೆಂಡಿಗೆ 3 ಮೀಟರ್!

ದೊಡ್ಡ ಹಾರಾಟಗಳ ವಿಡಿಯೋಗಳಲ್ಲಿ ಕಾಣುವುದು ಬರೀ ಹಿಮ, ಮೋಡ, ಸಂಗೀತ. ಈ ಹತ್ತು ನಿಮಿಷದ ಅರ್ಧ ಮೀಟರ್ ಯಾರೂ ಹಾಕುವುದಿಲ್ಲ. ನನಗೆ ಇಡೀ ದಿನದಲ್ಲಿ ಅತಿ ಇಷ್ಟವಾದ ಹೊತ್ತು ಅದೇ.

3,300 ಮೀಟರ್ ತಲುಪುವಾಗ ಮೋಡದ ತಳ ಬೂದು ಬಣ್ಣದ ಚಾವಣಿಯಾಗಿ ಹತ್ತಿರ ಬಂತು. ಉಷ್ಣಾಂಶ ಕೆಳಗಿಗಿಂತ 19 ಡಿಗ್ರಿ ಕಮ್ಮಿ, ಅಂದರೆ ಸುಮಾರು 6. ಸೆಕೆಯ ಊರಿನವನಿಗೆ ಬೆರಳು ಇದೆಯೋ ಇಲ್ಲವೋ ಅನ್ನುವ ಸ್ಥಿತಿ. ಜೇಬಲ್ಲಿದ್ದ ನೆಲಗಡಲೆ ಚಿಕ್ಕಿಯನ್ನು ಗ್ಲೌಸ್ ತೆಗೆಯದೆ ತಿನ್ನಲು ಹೋಗಿ ಕವರ್ ಸಮೇತ ಕಚ್ಚಿದೆ. ಮೋಡದೊಳಗೆ ಹೋಗಬಾರದು. ದಾರಿ ಕಾಣದು, ಬೇರೆಯವರು ಕಾಣರು, ಮೋಡ ದೊಡ್ಡದಿದ್ದರೆ ಒಳಗೆ ಎಳೆದುಕೊಂಡೇ ಹೋಗುತ್ತದೆ. ತಳಕ್ಕೆ ನೂರು ಮೀಟರ್ ಇರುವಾಗಲೇ ಕಾಲಿನ ಸ್ಪೀಡ್ ಬಾರ್ ಒತ್ತಿ ಹೊರಟೆ.

ಆಮೇಲಿನ ಒಂದು ಗಂಟೆ ಮೋಡದಿಂದ ಮೋಡಕ್ಕೆ ಸರಾಗ ಪ್ರಯಾಣ. ಪಾಲಂಪುರದ ಚಹಾ ತೋಟಗಳು ಕೆಳಗೆ ಕತ್ತರಿಸಿದ ಹಸಿರು ತುಂಡುಗಳಾಗಿ ಕಂಡವು. ನ್ಯೂಗಲ್ ಖಡ್ಡ್‌ನ ಬಿಳಿ ಕಲ್ಲಿನ ಹಾಸು. ಬಲಕ್ಕೆ ಧೌಲಾಧಾರ್‌ನ ಗೋಡೆ, ಅದರ ತುದಿಗಳು ನನಗಿಂತ ಇನ್ನೂ ಒಂದು ಕಿ.ಮೀ.ಗೂ ಮೇಲೆ, ಹೊಸ ಹಿಮದಲ್ಲಿ. ಎಡಕ್ಕೆ ತುಂಬ ದೂರದಲ್ಲಿ ಬಿಯಾಸ್ ನದಿಯ ಪೊಂಗ್ ಅಣೆಕಟ್ಟಿನ ನೀರು ಮಿಂಚುತ್ತಿತ್ತು. ಕಣಿವೆಯ ಮಧ್ಯಕ್ಕೆ ಹೋಗುವ ಆಸೆಯೇನೋ ಆಗುತ್ತದೆ. ಆದರೆ ಗಗ್ಗಲ್‌ನಲ್ಲಿ ಕಾಂಗ್ರಾ ವಿಮಾನ ನಿಲ್ದಾಣ ಇದೆ. ಬಜ್ಪೆಯ ಕಥೆಯೇ ಅಲ್ಲೂ. ಬೆಟ್ಟ ಬಿಟ್ಟು ಹೊರಗೆ ಹೋಗುವಂತಿಲ್ಲ.

ಆದಿ ಹಿಮಾನಿ ಚಾಮುಂಡಾ ಗುಡಿ ಬೆಟ್ಟದ ನೆತ್ತಿಯಲ್ಲಿದೆ. ನಡೆದು ಹೋಗುವವರಿಗೆ ಅರ್ಧ ದಿನದ ಏರು. ನಾನು ಅದರ ಮೇಲಿಂದ ದಾಟಿ ಮುಂದಿನ ಕವಲಿಗೆ ಬಂದಾಗ ಒಂದೂ ಕಾಲು ಗಂಟೆ. ಮುಂದೆ ಧರ್ಮಶಾಲಾ. ಕ್ರಿಕೆಟ್ ಸ್ಟೇಡಿಯಂ ಸಣ್ಣ ಬಿಲ್ಲೆಯಾಗಿ ಕಾಣುತ್ತಿತ್ತು. ಇನ್ನು ಎಂಟು ಹತ್ತು ಕಿ.ಮೀ. ಅಷ್ಟೇ.

ಆದರೆ ಆ ಕಡೆಯ ಮೋಡಗಳು ನನಗೆ ಹಿಡಿಸಲಿಲ್ಲ. ನಮ್ಮ ಮೇಲಿನವು ಅಗಲಕ್ಕೆ ಇದ್ದವು. ಅಲ್ಲಿಯವು ಎತ್ತರಕ್ಕೆ ಬೆಳೆಯುತ್ತಿದ್ದವು. ತಳ ಕಪ್ಪಾಗಿತ್ತು. ಧರ್ಮಶಾಲಾದ ಮೇಲಿನ ತ್ರಿಯುಂಡ್ ಬೆಟ್ಟದ ಕಡೆ ಒಂದು ಬೂದು ಪರದೆ ಇಳಿದಿತ್ತು, ಮಳೆಯೇ. ಮಳೆ ಸುರಿಸುವ ಮೋಡದ ಕೆಳಗೆ ತಂಪು ಗಾಳಿ ದಬದಬನೆ ಇಳಿದು ನಾಲ್ಕೂ ಕಡೆ ನುಗ್ಗುತ್ತದೆ. ನಮ್ಮ ರೆಕ್ಕೆ ಗಂಟೆಗೆ 38 ಕಿ.ಮೀ. ಹೋಗುವಂಥದ್ದು, ಒತ್ತಿದರೆ 50ರ ಹತ್ತಿರ. ಆ ಗಾಳಿ ಅದಕ್ಕಿಂತ ಜೋರಾಗಿದ್ದರೆ ನಾವು ಹಿಂದಕ್ಕೆ ಹಾರಬೇಕಾಗುತ್ತದೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಘಟ್ಟದ ಕಡೆಯಿಂದ ಗುಡುಗು ಮಳೆ ಬರುವ ಮೊದಲು ತೆಂಗಿನ ಮರ ಬಗ್ಗಿಸುವ ಆ ಒಂದು ಬೀಸು ಇದೆಯಲ್ಲ, ಅದೇ.

"ನಾನು ತಿರುಗಿಸ್ತಾ ಇದ್ದೇನೆ," ಅಂದೆ ರೇಡಿಯೋದಲ್ಲಿ.

"ಸ್ಟೇಡಿಯಂ ಇಲ್ಲೇ ಉಂಟಲ್ಲ ಮಾರಾಯ!"

"ಉಂಟು. ಅದರ ಹಿಂದೆ ಎಂತ ಉಂಟು ನೋಡು."

ಒಂದು ನಿಮಿಷ ಮೌನ. ಆಮೇಲೆ ಅವನ ಕಿತ್ತಳೆ ರೆಕ್ಕೆಯೂ ವಾಲಿ ಪೂರ್ವಕ್ಕೆ ತಿರುಗಿತು. ಅದೇ ಚಾನೆಲ್‌ನಲ್ಲಿದ್ದ ಪುಣೆಯ ಪೈಲಟ್ ಒಬ್ಬರು ಹಿಂದಿಯಲ್ಲಿ, ನೀವು ಯಾವ ಭಾಷೆ ಮಾತಾಡುತ್ತಿದ್ದೀರಿ, ಮುಂದೆ ಹೇಗಿದೆ ಅಂತ ನಮಗೂ ಹೇಳಿ ಅಂದರು. ಹೇಳಿದೆವು. ಅವರೂ ಇನ್ನಿಬ್ಬರೂ ಚಾಮುಂಡಾದಲ್ಲೇ ತಿರುಗಿದರು.

ವಾಪಸ್ ದಾರಿ ಬೇರೆಯೇ ರುಚಿ. ಮಧ್ಯಾಹ್ನದ ಕಣಿವೆ ಗಾಳಿ ನೈಋತ್ಯದಿಂದ, ಅಂದರೆ ಓರೆಯಾಗಿ ಬೆನ್ನಿಗೆ. ಜಿಪಿಎಸ್‌ನಲ್ಲಿ ನೆಲದ ವೇಗ ಗಂಟೆಗೆ 50 ಕಿ.ಮೀ. ದಾಟಿತು. ಬೆಳಗ್ಗೆ ನೆರಳಿದ್ದ ಪಶ್ಚಿಮದ ಮೈಗಳೆಲ್ಲ ಈಗ ಬಿಸಿಲಿಗೆ ಬಿದ್ದಿದ್ದವು. ಹೋಗುವಾಗ ಪುಸ್ತಕದ ಪಾಠದ ಹಾಗೆ ತಿಳಿದಿದ್ದನ್ನು ಈಗ ಒಂದೊಂದು ಕವಲಿನಲ್ಲೂ ಮೈಯಲ್ಲಿ ಕಂಡೆ. ಬಂಡೆಯ ಮೂಲೆಗೆ ಹೋಗು, ವೇರಿಯೋ ಕೂಗುತ್ತದೆ. ಹೋದೆ, ಕೂಗಿತು. ಅಷ್ಟು ಅಚ್ಚುಕಟ್ಟಾಗಿ ಗಾಳಿ ಮಾತು ಕೇಳುವ ದಿನಗಳು ಅಪರೂಪ. ಚಾಮುಂಡಾದಿಂದ ಪಾಲಂಪುರಕ್ಕೆ ಬರುವಾಗ ನಾನು ಯೋಚನೆ ಮಾಡುತ್ತಿರಲಿಲ್ಲ, ಒಳಗೊಳಗೇ ಗುನುಗುತ್ತಿದ್ದೆ.

ಪಾಲಂಪುರ ದಾಟಿದ ಮೇಲೆ ಮೇಲ್ಮಟ್ಟದಲ್ಲಿ ತೆಳು ಮೋಡದ ಪದರ ಹರಡಿತು. ಬಿಸಿಲು ಮಂಕಾಯಿತು. ಮಂಕು ಬಿಸಿಲಿಗೆ ಥರ್ಮಲ್ ಸೋಲುತ್ತದೆ. ಬಿನ್ವಾ ಖಡ್ಡ್‌ನ ಈಚೆಯ ಕವಲಿನಲ್ಲಿ ನಾವಿಬ್ಬರೂ 2,600 ಮೀಟರ್‌ನಲ್ಲಿ ಒಂದು ಬಡ ಏರುಗಾಳಿಯಲ್ಲಿ ಸುತ್ತುತ್ತಿದ್ದೆವು. ಸಿಗುತ್ತಿದ್ದದ್ದು ಏರಿಕೆಯಲ್ಲ, ಇಳಿಯದೆ ಇರುವುದು ಮಾತ್ರ. ಗಾಳಿ ನಮ್ಮನ್ನು ನಿಧಾನಕ್ಕೆ ಬೆಟ್ಟದ ಕಡೆಗೆ, ಕಣಿವೆಯ ಒಳಕ್ಕೆ ಒಯ್ಯುತ್ತಿತ್ತು. ಅವನು ಕಾಯುತ್ತೇನೆ ಅಂದ. ನಾನು ಹೊರಟೆ. ಬೀರ್‌ಗೆ ಅಲ್ಲ, ಬೈಜನಾಥದ ಕಡೆಯ ಗದ್ದೆಗಳಿಗೆ. ಒಳಗಿನ ಕಣಿವೆಯಲ್ಲಿ ತಗ್ಗಿಗೆ ಬಂದರೆ ಅಲ್ಲಿ ಸಂಜೆ ಗಾಳಿ ಜೋರು, ಜಾಗ ಕಿರಿದು. ಹೊರಗೆ ಗದ್ದೆ ಬಯಲು, ಪಕ್ಕದಲ್ಲೇ ಬಸ್ ರಸ್ತೆ.

ಇಳಿಯುವುದು ಹಾರಾಟದ ಬೇಸರದ ಭಾಗ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗಲ್ಲ. 400 ಮೀಟರ್ ಮೇಲಿಂದ ಮೂರು ಗದ್ದೆ ಆರಿಸಿದೆ. ಒಂದರ ಬದಿಯಲ್ಲಿ ವಿದ್ಯುತ್ ಕಂಬ ಕಂಡಿತು. ತಂತಿ ಮೇಲಿಂದ ಕಾಣುವುದಿಲ್ಲ, ಕಂಬ ಕಂಡರೆ ತಂತಿ ಇದೆ ಅಂತಲೇ ಲೆಕ್ಕ. ಅದು ಬೇಡ. ಇನ್ನೊಂದರಲ್ಲಿ ಎಮ್ಮೆಗಳು. ಮೂರನೆಯದರಲ್ಲಿ ಬರೀ ಭತ್ತದ ಕೂಳೆ. ಅದರಾಚೆ ಯಾರೋ ಕಸ ಸುಡುತ್ತಿದ್ದರು, ಹೊಗೆ ಈಶಾನ್ಯಕ್ಕೆ ವಾಲಿತ್ತು. ಗಾಳಿ ನೈಋತ್ಯದಿಂದ ಎಂದು ಖಾತ್ರಿಯಾಯಿತು. ಗದ್ದೆಯ ಹಿಂದೆ ಅಡ್ಡಡ್ಡ ತಿರುಗುತ್ತ ಎತ್ತರ ಕಳೆದು, ಗಾಳಿಗೆ ಎದುರಾಗಿ ಬಂದು, ಬ್ರೇಕ್ ಪೂರ್ತಿ ಎಳೆದೆ. ಎರಡು ಹೆಜ್ಜೆ. ಕಾಲಿನ ಕೆಳಗೆ ಕೂಳೆ ಕರಕರ ಅಂದಿತು. ಮೂರು ಮುಕ್ಕಾಲು ಗಂಟೆ ಹೆಚ್ಚುಕಮ್ಮಿ ಕೂತೇ ಇದ್ದ ಕಾಲು, ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಮಕ್ಕಳು ಓಡಿ ಬಂದರು. ರೆಕ್ಕೆ ಮಡಚುವುದು ಅವರಿಗೆ ಗೊತ್ತು, ವರ್ಷವೂ ಯಾರಾದರೂ ಬಂದು ಬೀಳುತ್ತಾರಂತೆ. ಗದ್ದೆಯ ಯಜಮಾನರೂ ಬಂದರು. ಅನುಮತಿ ಕೇಳದೆ ಇಳಿದದ್ದಕ್ಕೆ ಕೈ ಮುಗಿದೆ. ಎಲ್ಲಿಯವರು ಅಂದರು. ಕರ್ನಾಟಕ ಅಂದೆ. ಅವರು ಸೈನ್ಯದಲ್ಲಿದ್ದವರು, ಬೆಳಗಾವಿಯಲ್ಲಿ ಇದ್ದರಂತೆ. "ಬನ್ನಿ, ಕೂತ್ಕೊಳ್ಳಿ, ಚಾ ಕುಡೀರಿ," ಅಂದರು, ಕನ್ನಡದಲ್ಲೇ! ಅಷ್ಟೇ ಕನ್ನಡ ಅವರಿಗೆ ಉಳಿದದ್ದು, ಆದರೆ ಬೇಕಾದ್ದೆಲ್ಲ ಅದರಲ್ಲಿತ್ತು. ಸ್ಲೇಟು ಕಲ್ಲಿನ ಮಾಡಿನ ಮನೆ. ಜಗಲಿಯಲ್ಲಿ ಕೂತು ಶುಂಠಿ ಚಹಾ ಕುಡಿಯುವಾಗ ಅವರ ಸೊಸೆ ಕೇಳಿದರು, ಮೇಲಿಂದ ನಮ್ಮ ಮನೆ ಕಾಣುತ್ತದಾ ಅಂತ. ಮಾಡು ಕಾಣುತ್ತದೆ, ಅಂಗಳದಲ್ಲಿ ಒಣಗಿಸಿದ ಜೋಳ ಹಳದಿಯಾಗಿ ಕಾಣುತ್ತದೆ ಅಂದೆ. ಅವರಿಗೆ ಜೋಳದ ವಿಷಯ ಖುಷಿಯಾಯಿತು.

ಅಷ್ಟರಲ್ಲಿ ಫೋನ್ ಬಂತು. ಜೊತೆಗಾರ ಬೀರ್‌ನಲ್ಲಿ ಇಳಿದಿದ್ದ. ನಾನು ಹೊರಟ ಮೇಲೆ ಕಾಲು ಗಂಟೆ ಕಾದನಂತೆ. ಮೋಡದ ಪದರ ಒಮ್ಮೆ ಹರಿದು ಬಿಸಿಲು ಬಿತ್ತಂತೆ. 200 ಮೀಟರ್ ಸಿಕ್ಕಿತಂತೆ. ಅಷ್ಟು ಸಾಕಾಯಿತು.

ಉಡುಪಿಗೆ ಬಂದ ಮೇಲೆ ಇಬ್ಬರ ಟ್ರ್ಯಾಕ್ ಲಾಗ್, ಅಂದರೆ ಹಾರಿದ ದಾರಿಯ ಜಿಪಿಎಸ್ ದಾಖಲೆ, ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನದು 60 ಕಿ.ಮೀ. ಚಿಲ್ಲರೆ, ಅವನದು ಅದಕ್ಕಿಂತ ಹತ್ತು ಹನ್ನೆರಡು ಜಾಸ್ತಿ. ಅವನ ವಾದ: ಇಳಿಯದೆ ಇರುವ ಗಾಳಿ ಸಿಕ್ಕಿದರೆ ಬಿಡಬಾರದು, ಬಿಸಿಲು ಯಾವಾಗ ಬೇಕಾದರೂ ಬರಬಹುದು. ನನ್ನ ವಾದ: ಆ ಗಾಳಿ ನಮ್ಮನ್ನು ಒಳಗೆ ಒಯ್ಯುತ್ತಿತ್ತು, ಇನ್ನೈದು ನಿಮಿಷ ಕಳೆದಿದ್ದರೆ ಹೊರಗಿನ ಗದ್ದೆ ನನಗೆ ಸಿಗುತ್ತಿರಲಿಲ್ಲ. ಅವನ ರೆಕ್ಕೆ ನನ್ನದಕ್ಕಿಂತ ಒಂದು ದರ್ಜೆ ಮೇಲಿನದು, ಅವನಿಗೆ ಸಿಗುತ್ತಿತ್ತೇನೋ. ಅವನು ಒಪ್ಪಲಿಲ್ಲ. ಆ ಕವಲಿನ ಪಶ್ಚಿಮದ ಮೈಯನ್ನು ನಕ್ಷೆಯಲ್ಲಿ ದೊಡ್ಡದು ಮಾಡಿ, ನಾನು ನೋಡದ ಒಂದು ಬಂಡೆ ತೋರಿಸಿದ. ವಸಂತದಲ್ಲಿ ಮತ್ತೆ ಹೋದಾಗ ಮೊದಲು ಅಲ್ಲಿಗೆ ಹೋಗಿ ನೋಡುವುದು ಅಂತ ಆಗಿದೆ. ಮಾರ್ಚ್ ಕೊನೆಗೆ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಈಗಲೇ ವೇಟಿಂಗ್ ಲಿಸ್ಟ್ ತೋರಿಸುತ್ತಿದೆ.